ಕೌಲಿಂಗ್‌ನಲ್ಲಿ ಬಿರುಕು: ಒಳಗಡೆ ಕಾರ್ಬನ್ ಪದರ ಹಾಕಿದರೆ ಸಾಕೇ?

ಡಲ್ಲಾಸ್_ಧಾರವಾಡ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಬೇರೊಬ್ಬರು ತಮ್ಮ ಗ್ಯಾರೇಜಿನಲ್ಲಿ ಕಟ್ಟಿ, ಹಲವು ವರ್ಷ ಹಾರಿಸಿ, ಆಮೇಲೆ ನನಗೆ ಮಾರಿದ ಎರಡು ಸೀಟಿನ ಆರ್‌ವಿ-6 ಎಂಬ ಕಿಟ್ ವಿಮಾನ. ಎಂಜಿನ್ 160 ಅಶ್ವಶಕ್ತಿಯ ಲೈಕಮಿಂಗ್ ಒ-320. ಕೌಲಿಂಗ್‌ನ, ಅಂದರೆ ಎಂಜಿನ್ನಿನ ಹೊರಹೊದಿಕೆಯ, ಮೇಲಿನ ಮತ್ತು ಕೆಳಗಿನ ಭಾಗಗಳೆರಡೂ ಫೈಬರ್‌ಗ್ಲಾಸ್‌ನವು; ಅವು ಒಂದಕ್ಕೊಂದು ಸೇರುವುದು ಪಿಯಾನೋ ಹಿಂಜ್‌ಗಳಿಂದ (ಕಣ್ಣುಗಳ ಸಾಲಿನೊಳಗೆ ಕಂಬಿ ತೂರಿಸುವ ಉದ್ದನೆಯ ಕೀಲು), ಫೈರ್‌ವಾಲ್‌ಗೆ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಬೆಂಕಿತಡೆ ಗೋಡೆ) ಸೇರುವುದೂ ಹಿಂಜ್‌ಗಳಿಂದಲೇ.

ಈ ಸಲ ಆಯಿಲ್ ಬದಲಿಸಲೆಂದು ಕೌಲಿಂಗ್ ಬಿಚ್ಚಿದಾಗ ಎಡಗಡೆಯ ಗಾಳಿಬಾಯಿಯ ಕೆಳಮೂಲೆಯಿಂದ ಹೊರಟ ಬೆರಳುದ್ದದ ಬಿರುಕೊಂದು ಕಂಡಿತು. ಕೆಳಗಿನ ಕೌಲಿಂಗ್‌ನ ಹಿಂಭಾಗದಲ್ಲಿ, ಬಿಸಿಗಾಳಿ ಹೊರಹೋಗುವ ತೆರಪಿನ ಮೂಲೆಯಲ್ಲಿ ಅದಕ್ಕಿಂತ ಚಿಕ್ಕದೊಂದು ಬಿರುಕಿದೆ. ಬಲಗಡೆಯ ಹಿಂಜ್‌ನಲ್ಲಿ ಅಕ್ಕಪಕ್ಕದ ಕೆಲವು ಕಣ್ಣುಗಳು ಮುರಿದಿವೆ. ಎಕ್ಸಾಸ್ಟ್ ಕೊಳವೆಯ ಕೆಳಗೆ ಬಣ್ಣ ಕಂದಾಗಿ ಅಲ್ಲಲ್ಲಿ ಗುಳ್ಳೆ ಎದ್ದಿದೆ.

ಕೆಳಗಿನ ಕೌಲಿಂಗ್‌ನ ಒಳಮೈಗೆ ಪೂರ್ತಿಯಾಗಿ ಎರಡು ಪದರ ಕಾರ್ಬನ್ ಬಟ್ಟೆ ಹಾಕಿ ಒಮ್ಮೆಗೇ ಗಟ್ಟಿ ಮಾಡಿಬಿಡಬೇಕೆಂದು ನನ್ನ ಯೋಚನೆ. ಈ ಕೆಲಸ ಮಾಡಿದವರು ದಯವಿಟ್ಟು ಸಲಹೆ ಕೊಡಿ.

ಮೂಡಬಿದ್ರೆ_ಮೆಕ್ಯಾನಿಕ್

ಕಾರ್ಬನ್ ಬಟ್ಟೆಗೆ ಈಗಲೇ ಆರ್ಡರ್ ಕೊಡಬೇಡಿ. ಬಿರುಕು ಎಲ್ಲಿ ಬಿಟ್ಟಿದೆ ಎಂಬುದನ್ನು ನೀವು ಚೆನ್ನಾಗಿ ವಿವರಿಸಿದ್ದೀರಿ, ಆದರೆ ಏಕೆ ಬಿಟ್ಟಿತು ಎಂಬುದು ಇನ್ನೂ ಗೊತ್ತಾಗಿಲ್ಲ. ಅದು ತಿಳಿಯದೆ ಪದರ ಸೇರಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೌಲಿಂಗ್ ಸೇರಿಕೊಂಡಿರುವುದು ಫೈರ್‌ವಾಲ್‌ಗೆ, ಅಂದರೆ ವಿಮಾನದ ಒಡಲಿಗೆ. ಎಂಜಿನ್ ಕುಳಿತಿರುವುದು ರಬ್ಬರ್ ಮೌಂಟ್‌ಗಳ ಮೇಲೆ. ನಾಲ್ಕು ಸಿಲಿಂಡರಿನ ನಿಮ್ಮ ಎಂಜಿನ್ ನಿಮಿಷಕ್ಕೆ 2,700 ಸುತ್ತು ತಿರುಗುವಾಗ ಸೆಕೆಂಡಿಗೆ 90 ಸಲ ಉರಿಹೊಡೆತ ಬೀಳುತ್ತದೆ, ಆ ಹೊಡೆತಕ್ಕೆ ಎಂಜಿನ್ ತನ್ನ ರಬ್ಬರುಗಳ ಮೇಲೆ ಅಲುಗುತ್ತಲೇ ಇರುತ್ತದೆ. ಅತ್ಯಂತ ಹೆಚ್ಚು ಕುಲುಕುವುದು ಮಾತ್ರ ಹಾರಾಟದಲ್ಲಲ್ಲ, ಎಂಜಿನ್ ಚಾಲೂ ಆಗುವಾಗ ಮತ್ತು ನಿಲ್ಲುವಾಗ. ಆದ್ದರಿಂದ ಎಂಜಿನ್ನಿಗೂ ಕೌಲಿಂಗ್‌ಗೂ ನಡುವೆ ಬ್ಯಾಫಲ್‌ನ (ತಂಪುಗಾಳಿಯನ್ನು ಸಿಲಿಂಡರುಗಳ ಕಡೆ ತಿರುಗಿಸುವ ತಗಡುಗಳ) ಮೆತ್ತನೆಯ ಸಿಲಿಕೋನ್ ಪಟ್ಟಿಯನ್ನು ಬಿಟ್ಟು ಬೇರೆ ಯಾವುದೂ ತಾಗಬಾರದು. ತಾಗಿದ ಕಡೆ ಇವತ್ತಲ್ಲ ನಾಳೆ ಬಿರುಕು ಬಿಟ್ಟೇ ಬಿಡುತ್ತದೆ, ಅದು ಎಷ್ಟೇ ದಪ್ಪವಾಗಿರಲಿ.

ಹೀಗಾಗಿ ಮೊದಲು ಸ್ಪಿನ್ನರ್ (ಪ್ರೊಪೆಲರ್ ನಡುವಿನ ಶಂಕುವಿನಾಕಾರದ ಟೊಪ್ಪಿ) ಮತ್ತು ಕೌಲಿಂಗ್‌ನ ಮೂಗಿನ ನಡುವಿನ ಸಂದನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಅಳೆದು ತಿಳಿಸಿ. ಮೂಗಿನ ಒಳಮುಖದಲ್ಲಿ ಉಜ್ಜಿದ ಗುರುತಿದೆಯೇ ನೋಡಿ. ಎಕ್ಸಾಸ್ಟ್ ಕೊಳವೆಗೂ ಕೌಲಿಂಗ್‌ಗೂ ನಡುವೆ ಎಷ್ಟು ಅಂತರವಿದೆ ಎಂಬುದನ್ನೂ ಹೇಳಿ. ನನ್ನ ಮಟ್ಟಿಗೆ ಒಂದು ಅಂಗುಲಕ್ಕಿಂತ ಕಡಿಮೆ ಇದ್ದರೆ ಅದನ್ನು ಅಂತರವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಡಲ್ಲಾಸ್_ಧಾರವಾಡ

ಧನ್ಯವಾದಗಳು, ಅಳೆದು ನೋಡಿದೆ. ಸ್ಪಿನ್ನರ್‌ನ ಹಿಂದಿನ ಸಂದು ಮೇಲ್ಭಾಗದಲ್ಲಿ ಕಾಲು ಅಂಗುಲಕ್ಕಿಂತ ಸ್ವಲ್ಪ ಹೆಚ್ಚಿದೆ, ಕೆಳಭಾಗದಲ್ಲಿ ಅದರ ಅರ್ಧದಷ್ಟೂ ಇಲ್ಲ. ಪಕ್ಕದಿಂದ ನೋಡಿದರೆ ಸ್ಪಿನ್ನರ್ ಕೌಲಿಂಗ್‌ಗಿಂತ ಕೆಳಗೆ ಕುಳಿತಿರುವುದು ಬರಿಗಣ್ಣಿಗೇ ಕಾಣುತ್ತದೆ. ಕೆಳಗಿನ ಕೌಲಿಂಗ್‌ನ ಮೂಗಿನ ಒಳಗೆ ಬಿಲ್ಲಿನಾಕಾರದ ಹೊಳೆಯುವ ಗೆರೆಯೊಂದಿದೆ, ಅದರ ಸುತ್ತ ಬೂದಿಯಂಥ ನುಣ್ಣನೆಯ ಫೈಬರ್ ಪುಡಿ ಅಂಟಿಕೊಂಡಿದೆ. ಎಕ್ಸಾಸ್ಟ್ ಬಳಿ ಗುಳ್ಳೆ ಎದ್ದಲ್ಲಿ ಅಂತರ ಅರ್ಧ ಅಂಗುಲದಷ್ಟಿದೆ.

ಮೂಡಬಿದ್ರೆ_ಮೆಕ್ಯಾನಿಕ್

ಆ ಗೆರೆಯನ್ನು ಕೊರೆದಿರುವುದು ಸ್ಟಾರ್ಟರ್‌ನ ರಿಂಗ್ ಗೇರ್, ಅಂದರೆ ಪ್ರೊಪೆಲರ್ ಹಿಂದಿನ ದೊಡ್ಡ ಹಲ್ಲುಚಕ್ರ. ರಬ್ಬರ್ ಮೌಂಟ್‌ಗಳು ವಯಸ್ಸಾಗಿ ಕುಸಿದಾಗ ಎಂಜಿನ್ನಿನ ಮೂಗು ಬಾಗುತ್ತದೆ. ಆಗ ಪ್ರೊಪೆಲರ್ ಚಕ್ರದ ಮೇಲಂಚು ಮುಂದಕ್ಕೂ ಕೆಳ ಅಂಚು ಹಿಂದಕ್ಕೂ ಸರಿಯುತ್ತವೆ, ನೀವು ಅಳೆದ ಸಂದು ಅದನ್ನೇ ಹೇಳುತ್ತಿದೆ. ಎಂಜಿನ್ ಜೊತೆಗೆ ಎಕ್ಸಾಸ್ಟ್ ಕೊಳವೆಗಳೂ ಕೆಳಗಿಳಿದು ಕೌಲಿಂಗ್‌ಗೆ ಹತ್ತಿರವಾಗಿವೆ. ಅಂದರೆ ಮೂಗಿನ ಬಿರುಕಿಗೂ ಗುಳ್ಳೆಗೂ ಬಹುಮಟ್ಟಿಗೆ ಒಂದೇ ಕಾರಣ.

ರಬ್ಬರುಗಳನ್ನು ಬಿಡಿಬಿಡಿಯಾಗಿ ಬದಲಿಸದೆ ಪೂರ್ತಿ ಸೆಟ್ಟನ್ನು ಒಟ್ಟಿಗೇ ಬದಲಿಸಿ. ಕುಸಿತ ಅಲ್ಪವಾಗಿದ್ದರೆ ಮೌಂಟ್‌ನಲ್ಲಿ ವಾಷರ್ ಸೇರಿಸಿ ಎಂಜಿನ್ನಿನ ಮೂಗನ್ನು ಎತ್ತುವವರಿದ್ದಾರೆ, ಆದರೆ ನಿಮ್ಮ ಅಳತೆಗೆ ಅದು ತಾತ್ಕಾಲಿಕ ಉಪಾಯವಷ್ಟೇ. ಹೊಸ ರಬ್ಬರು ಕೂಡ ಮೊದಲ ಕೆಲವು ಗಂಟೆಗಳ ಹಾರಾಟದಲ್ಲಿ ಸ್ವಲ್ಪ ಇಳಿಯುವುದರಿಂದ, ಅನುಭವಸ್ಥರು ಆರಂಭದಲ್ಲಿ ಸ್ಪಿನ್ನರ್ ಕೌಲಿಂಗ್‌ಗಿಂತ ಕೂದಲೆಳೆಯಷ್ಟು ಮೇಲೆಯೇ ಇರುವಂತೆ ನೋಡಿಕೊಳ್ಳುತ್ತಾರೆ. ಪ್ರೊಪೆಲರ್‌ನ ಡೈನಮಿಕ್ ಬ್ಯಾಲೆನ್ಸ್ (ಎಂಜಿನ್ ಓಡುತ್ತಿರುವಾಗಲೇ ಕಂಪನ ಅಳೆದು ಸಮತೋಲ ಮಾಡುವುದು) ಮಾಡಿಸಿಲ್ಲವಾದರೆ ಇದೇ ಸಮಯಕ್ಕೆ ಮಾಡಿಸಿ. ಕಂಪನವನ್ನು ಸೆಕೆಂಡಿಗೆ ಇಷ್ಟು ಅಂಗುಲ ಎಂದು ಅಳೆಯುತ್ತಾರೆ, 0.07ರ ಒಳಗೆ ಬಂದರೆ ಚೆನ್ನಾಗಿದೆ ಎನ್ನಬಹುದು. ಬಿರುಕಿನ ರಿಪೇರಿ ಇವೆಲ್ಲದರ ನಂತರದ ಕೆಲಸ.

ಪದರಪದರ

ನಾನು ವಿಮಾನ ಹಾರಿಸುವವನಲ್ಲ, ಬೆಂಗಳೂರಿನಲ್ಲಿ ಕಾಂಪೋಸಿಟ್ ಭಾಗಗಳನ್ನು ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವನು. ಹಾಗಾಗಿ ಪದರಗಳ ವಿಷಯಕ್ಕೆ ಮಾತ್ರ ಬಾಯಿ ಹಾಕುತ್ತೇನೆ.

ಒಳಮೈಗೆಲ್ಲ ಕಾರ್ಬನ್ ಹಾಕುವ ಯೋಚನೆಯನ್ನು ಬಿಟ್ಟುಬಿಡಿ. ಸಾಮಾನ್ಯ ಕಾರ್ಬನ್ ನಾರಿನ ಬಿಗುಪು ಸುಮಾರು 230 ಗಿಗಾಪಾಸ್ಕಲ್, ಇ-ಗ್ಲಾಸ್ ಎನ್ನುವ ಸಾಮಾನ್ಯ ಗ್ಲಾಸ್ ನಾರಿನದು ಸುಮಾರು 72. ಎರಡನ್ನೂ ಒಂದರ ಮೇಲೊಂದು ಅಂಟಿಸಿದಾಗ ಕಾರ್ಬನ್ ಪದರವೇ ಬಹುಪಾಲು ಭಾರವನ್ನು ಎಳೆದುಕೊಳ್ಳುತ್ತದೆ, ಮತ್ತು ಅದು ಮುಗಿಯುವ ಅಂಚಿನಲ್ಲಿ ಆ ಭಾರವೆಲ್ಲ ಒಮ್ಮೆಲೇ ಹಳೆಯ ಗ್ಲಾಸಿನ ಮೇಲೆ ಬೀಳುತ್ತದೆ. ಮುಂದಿನ ಬಿರುಕು ಹುಟ್ಟುವುದು ಅಲ್ಲಿಯೇ. ಇದಲ್ಲದೆ ಕಾರ್ಬನ್ ಅಲ್ಯೂಮಿನಿಯಂ ಹಿಂಜ್‌ಗೆ ನೇರವಾಗಿ ತಾಗಿಕೊಂಡಿದ್ದರೆ ತೇವ ಸೇರಿದಾಗ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಕಾರ್ಬನ್ ಬೇಕೇ ಬೇಕೆಂದರೆ ನಡುವೆ ಗ್ಲಾಸ್ ಪದರ ಇರಲೇಬೇಕು.

ಇನ್ನು ತೂಕ. ವಿಮಾನ ವಿನ್ಯಾಸಕ ಬರ್ಟ್ ರುಟಾನ್ 1970ರ ದಶಕದಿಂದ ವೇರಿಈಜಿ ಮತ್ತು ಲಾಂಗ್-ಈಜಿ ವಿಮಾನಗಳ ಮೂಲಕ ಮನೆಯಲ್ಲಿ ವಿಮಾನ ಕಟ್ಟುವವರ ಕೈಗೆ ಕೊಟ್ಟ, ಎಲ್ಲರೂ ಬಿಡ್ ಎಂದು ಕರೆಯುವ ಎರಡು ದಿಕ್ಕಿನ ಗ್ಲಾಸ್ ಬಟ್ಟೆ ಚದರ ಗಜಕ್ಕೆ ಸುಮಾರು 9 ಔನ್ಸ್ ತೂಗುತ್ತದೆ. ಬಟ್ಟೆಯನ್ನು ಗಟ್ಟಿ ಮಾಡುವ ರಾಳ, ಅಂದರೆ ರೆಸಿನ್ ಸೇರಿದರೆ ಒಂದು ಪದರವೇ ಚದರ ಮೀಟರಿಗೆ ಅರ್ಧ ಕಿಲೋ ಆಗುತ್ತದೆ. ಅಗತ್ಯವಿಲ್ಲದ ಕಡೆಗೂ ಪದರ ಬಳಿದರೆ ಆ ತೂಕವೆಲ್ಲ ವಿಮಾನದ ಮೂಗಿಗೆ ಸೇರುತ್ತದೆ.

ಬಿಗುಪು ಬೇಕಾಗಿರುವ ಅಗಲವಾದ ಚಪ್ಪಟೆ ಜಾಗಕ್ಕೆ ಬೇರೆ ದಾರಿಯಿದೆ. ಬಾಗುವಿಕೆಗೆ ಒಡ್ಡುವ ಪ್ರತಿರೋಧ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಎರಡರಷ್ಟಾದರೆ ಬಿಗುಪು ಎಂಟರಷ್ಟು. ಹಾಗಾಗಿ ಬೆರಳಗಲದ ಫೋಮ್ ಪಟ್ಟಿಯನ್ನು ಒಳಮೈಗೆ ಅಂಟಿಸಿ, ಅದರ ಎರಡೂ ಬದಿಗಳನ್ನು ಇಳಿಜಾರಾಗಿ ಕೆತ್ತಿ, ಮೇಲೆ ಎರಡು ಪದರ ಗ್ಲಾಸ್ ಹೊದಿಸಿದರೆ ಹಗುರವಾದ ಪಕ್ಕೆಲುಬು ಸಿದ್ಧವಾಗುತ್ತದೆ. ಫೋಮ್ ಮಾತ್ರ ಪಿವಿಸಿ ಜಾತಿಯದಾಗಿರಲಿ. ನೀಲಿ ಥರ್ಮೋಕೋಲ್‌ನಂಥದ್ದು ಪೆಟ್ರೋಲ್ ಸೋಕಿದರೆ ಕರಗುತ್ತದೆ, ಎಂಜಿನ್ನಿನ ಬಿಸಿಗೂ ನಿಲ್ಲುವುದಿಲ್ಲ.

ಹೊಸಬ_ಶಿವಮೊಗ್ಗ

ನಾನು ಎಂಜಿನಿಯರಿಂಗ್ ವಿದ್ಯಾರ್ಥಿ, ಓದುತ್ತಾ ಕುಳಿತಿದ್ದೆ. ಒಂದು ಸಂದೇಹ, ಸರ್. ಕೌಲಿಂಗ್ ಎಂದರೆ ಬರೀ ಮುಚ್ಚಳವಲ್ಲವೇ? ಎಂಜಿನ್ ತಾಗದಿದ್ದರೆ ಅದರ ಮೇಲೆ ಬೀಳುವ ಭಾರವಾದರೂ ಏನು?

ಪದರಪದರ

ಒಳ್ಳೆಯ ಪ್ರಶ್ನೆ ಕೇಳಿದಿರಿ, ಲೆಕ್ಕ ಮಾಡಿಯೇ ನೋಡೋಣ. 150 ನಾಟ್ ಎಂದರೆ ಸೆಕೆಂಡಿಗೆ ಸುಮಾರು 77 ಮೀಟರ್. ಸಮುದ್ರಮಟ್ಟದ ಗಾಳಿಯಲ್ಲಿ ಆ ವೇಗದ ಚಲನ ಒತ್ತಡ ಸುಮಾರು 3,600 ಪಾಸ್ಕಲ್. ಗಾಳಿಬಾಯಿಯ ಮೂಲಕ ಒಳಬಂದ ಗಾಳಿ ಬ್ಯಾಫಲ್‌ಗಳ ಮೇಲೆ, ಅಂದರೆ ಮೇಲಿನ ಕೌಲಿಂಗ್‌ನ ಕೆಳಗೆ ತುಂಬಿಕೊಂಡು ಆ ಒತ್ತಡದ ದೊಡ್ಡ ಪಾಲನ್ನು ಉಳಿಸಿಕೊಳ್ಳುತ್ತದೆ. ಮುಕ್ಕಾಲು ಪಾಲು ಎಂದುಕೊಂಡು, ಅರ್ಧ ಚದರ ಮೀಟರ್ ವಿಸ್ತೀರ್ಣಕ್ಕೆ ಗುಣಿಸಿದರೆ 130 ಕಿಲೋಗೂ ಹೆಚ್ಚಿನ ತೂಕದಷ್ಟು ಬಲ ಮೇಲಿನ ಕೌಲಿಂಗನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಹೊರಗಡೆ ಉಬ್ಬಿದ ಮೈಮೇಲೆ ಹರಿಯುವ ಗಾಳಿಯ ಹೀರುವಿಕೆ ಇದಕ್ಕೆ ಇನ್ನಷ್ಟು ಸೇರುತ್ತದೆ.

ಆ ಬಲವನ್ನೆಲ್ಲ ತಡೆಯುವುದು ಅಂಚಿನ ಹಿಂಜ್‌ಗಳು ಅಥವಾ ಫಾಸ್ಟೆನರ್‌ಗಳು. ಆದ್ದರಿಂದ ಕೌಲಿಂಗ್‌ನ ನಡುಭಾಗಕ್ಕಿಂತ ಅಂಚುಗಳು ಮತ್ತು ತೆರಪುಗಳ ಮೂಲೆಗಳು ದಪ್ಪವಾಗಿರಬೇಕು.

ಕೀಲುಕೊಂಡಿ_ಓಹಾಯೋ

ಆಯಿಲ್ ಡಿಪ್‌ಸ್ಟಿಕ್ ನೋಡುವ ಚಿಕ್ಕ ಬಾಗಿಲನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹಾರಾಟದಲ್ಲಿ ಅದರ ಹಿಂಭಾಗದ ಅಂಚು ಉಬ್ಬಿ ಮೇಲೇಳುವುದನ್ನು ಹಲವು ವಿಮಾನಗಳಲ್ಲಿ ನೋಡಿದ್ದೇನೆ. ಅದರ ಒಳಮೈಗೆ ಒಂದು ಪಕ್ಕೆಲುಬು ಹಾಕಿದರೆ ಸಾಕು.

ಇನ್ನು ಮುರಿದ ಹಿಂಜ್ ಕಣ್ಣುಗಳ ವಿಷಯ. ಇಲ್ಲಿ ಯಾರಾದರೂ ಹಿಂಜ್ ಕಿತ್ತುಹಾಕಿ ಎಂದು ಹೇಳುವ ಮೊದಲು ನಾನೇ ಮಾತಾಡಿಬಿಡುತ್ತೇನೆ. ಪಿಯಾನೋ ಹಿಂಜ್ ಅಂಚಿನ ಉದ್ದಕ್ಕೂ ಭಾರವನ್ನು ಸಮನಾಗಿ ಹಂಚುತ್ತದೆ, ಹಗುರವಾಗಿರುತ್ತದೆ, ಹೊರಗಿನಿಂದ ಒಂದು ತಲೆಯೂ ಕಾಣುವುದಿಲ್ಲ. ಕಣ್ಣುಗಳು ಮುರಿಯುವುದು ಹಿಂಜ್‌ನ ದೋಷದಿಂದಲ್ಲ, ಕಂಬಿಗೂ ಕಣ್ಣಿಗೂ ನಡುವೆ ಸಡಿಲು ಬಂದು ಅವು ಪ್ರತಿ ಕಂಪನಕ್ಕೂ ಬಡಿದಾಡುವುದರಿಂದ. ತಗಡನ್ನು ಸುತ್ತಿ ಮಾಡಿದ ಹಿಂಜ್‌ಗಿಂತ ಎಕ್ಸ್‌ಟ್ರೂಡ್ ಮಾಡಿದ (ಅಚ್ಚಿನ ಮೂಲಕ ಒತ್ತಿ ತೆಗೆದ) ಹಿಂಜ್‌ನ ಕಣ್ಣು ಗಟ್ಟಿ. ಬದಲಿಸುವಾಗ ಅದನ್ನೇ ಹಾಕಿ, ಹೊಸ ಸ್ಟೇನ್‌ಲೆಸ್ ಕಂಬಿ ಬಳಸಿ, ಕಂಬಿಯ ತುದಿಯನ್ನು ಅರೆದು ಚೂಪು ಮಾಡಿ, ತೂರಿಸುವುದು ಸುಲಭವಾಗುತ್ತದೆ.

ಹಿಂಜನ್ನು ಕೂರಿಸುವಾಗ ಫೈಬರ್‌ಗ್ಲಾಸಿಗೂ ಹಿಂಜ್‌ಗೂ ನಡುವೆ ಎಪಾಕ್ಸಿ ರೆಸಿನ್‌ಗೆ ಹತ್ತಿಯ ಸಣ್ಣ ನಾರು ಬೆರೆಸಿದ ಫ್ಲಾಕ್ಸ್ ಲೇಪವಿರಲಿ. ರಿವೆಟ್ ತಲೆ ಒಳಗೆ ಕೂರಲೆಂದು ಕುಳಿ ಕೊರೆಯುವಾಗ (ಕೌಂಟರ್‌ಸಿಂಕ್) ಪದರದ ಅರ್ಧಕ್ಕಿಂತ ಆಳಕ್ಕೆ ಹೋಗಬಾರದು, ಹೋದರೆ ಅಲ್ಲಿ ಉಳಿಯುವುದು ಕಾಗದದಷ್ಟು ಗ್ಲಾಸ್ ಮಾತ್ರ. ಪಾಪ್ ರಿವೆಟ್ ರಂಧ್ರದೊಳಗೆ ಹಿಗ್ಗಿ ಪದರಗಳನ್ನು ಸೀಳುತ್ತದೆಯಾದ್ದರಿಂದ ಮೆದು ಅಲ್ಯೂಮಿನಿಯಂ ರಿವೆಟ್‌ಗಳೇ ಉತ್ತಮ.

ಮೂಡಬಿದ್ರೆ_ಮೆಕ್ಯಾನಿಕ್

ಪಕ್ಕದ ಅಂಚುಗಳ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಫೈರ್‌ವಾಲ್‌ನ ಕೆಳಭಾಗ, ಎಕ್ಸಾಸ್ಟ್ ಹೊರಹೋಗುವ ಜಾಗದ ಇಕ್ಕೆಲಗಳಲ್ಲಿ ಹಿಂಜ್ ಬಾಳುವುದನ್ನು ನಾನು ಅಷ್ಟಾಗಿ ಕಂಡಿಲ್ಲ. ಅಲ್ಲಿ ಬಿಸಿಯೂ ಹೆಚ್ಚು, ನಡುಕವೂ ಹೆಚ್ಚು. ಆ ಸ್ಥಳಕ್ಕೆ ಕ್ಯಾಮ್‌ಲಾಕ್ ಅಥವಾ ಸ್ಕೈಬೋಲ್ಟ್‌ನಂಥ ಕಾಲು ಸುತ್ತಿನ ಫಾಸ್ಟೆನರ್, ಇಲ್ಲವೇ ನಟ್‌ಪ್ಲೇಟ್ (ಒಳಗಡೆ ಕದಲದಂತೆ ಕೂರಿಸಿದ ನಟ್) ಹಾಕಿ ಸ್ಕ್ರೂ ಬಿಗಿಯುವುದು ಮೇಲು. ಸ್ಕ್ರೂ ತಲೆ ನೇರವಾಗಿ ಫೈಬರ್‌ಗ್ಲಾಸನ್ನು ಒತ್ತದಂತೆ ಬಟ್ಟಲಾಕಾರದ ವಾಷರ್ ಇರಲಿ. ಫಾಸ್ಟೆನರ್‌ಗಳ ನಡುವಿನ ಅಂತರ ಮೂರರಿಂದ ನಾಲ್ಕು ಅಂಗುಲ ದಾಟಿದರೆ ನಡುವಿನ ಅಂಚು ದಿಂಬಿನ ಹಾಗೆ ಉಬ್ಬುತ್ತದೆ.

ಮುಂದಿನಿಂದ ತೂರಿಸುವ ಹಿಂಜ್ ಕಂಬಿಗಳಿದ್ದರೆ ಅವುಗಳ ಬಾಗಿಸಿದ ತುದಿಯನ್ನು ಕಡ್ಡಾಯವಾಗಿ ಬಂಧಿಸಬೇಕು. ಕಂಬಿ ನಡುಕಕ್ಕೆ ಸರಿಯುತ್ತಾ ಮುಂದಕ್ಕೆ ಬಂದರೆ ಅದರ ಎದುರಿಗಿರುವುದು ಪ್ರೊಪೆಲರ್.

ಕೀಲುಕೊಂಡಿ_ಓಹಾಯೋ

ಕೆಳಗಿನ ಫೈರ್‌ವಾಲ್ ಅಂಚಿಗೆ ಫಾಸ್ಟೆನರ್ ಹಾಕುವುದಕ್ಕೆ ನನ್ನ ತಕರಾರಿಲ್ಲ. ಪೂರ್ತಿ ಕೌಲಿಂಗ್‌ಗೆ ಹಾಕಿ ತೂಕ ಮತ್ತು ದುಡ್ಡು ಎರಡನ್ನೂ ಏರಿಸುವುದಕ್ಕೆ ಮಾತ್ರ ತಕರಾರು.

ಡಲ್ಲಾಸ್_ಧಾರವಾಡ

ರಬ್ಬರುಗಳು ಬಂದಿವೆ, ಈ ವಾರಾಂತ್ಯ ಎಂಜಿನ್ ಎತ್ತುವ ಕೆಲಸವಿದೆ. ಪದರಪದರ ಅವರೇ, ಬಿರುಕನ್ನು ನಿಜವಾಗಿ ರಿಪೇರಿ ಮಾಡುವ ಕ್ರಮವನ್ನು ಸ್ವಲ್ಪ ಬಿಡಿಸಿ ಬರೆಯಬಹುದೇ? ಕೌಲಿಂಗ್ ಪಾಲಿಯೆಸ್ಟರ್‌ನದೋ ಎಪಾಕ್ಸಿಯದೋ ಎಂಬುದೂ ನನಗೆ ಗೊತ್ತಿಲ್ಲ.

ಪದರಪದರ

ಹಳೆಯ ಕಿಟ್‌ಗಳ ಕೌಲಿಂಗ್‌ಗಳು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್ನಿನವು, ಹೊರಗೆ ಜೆಲ್‌ಕೋಟ್ ಎಂಬ ನಯವಾದ ರೆಸಿನ್ ಹೊರಪದರ ಇರುತ್ತದೆ. ನಂತರ ಬಂದವುಗಳಲ್ಲಿ ನಡುವೆ ಜೇನುಗೂಡಿನ ತಿರುಳಿಟ್ಟ ಎಪಾಕ್ಸಿ ಪದರಗಳು ಹೆಚ್ಚು. ಒಳಗಡೆ ಒಂದು ಮೂಲೆಯನ್ನು ಉಜ್ಜಿ ನೋಡಿ, ಸ್ಟೈರೀನ್‌ನ ಮೂಗಿಗೆ ಹೊಡೆಯುವ ವಾಸನೆ ಬಂದರೆ ಪಾಲಿಯೆಸ್ಟರ್ ಎಂದು ತಿಳಿಯಬಹುದು. ಏನೇ ಇದ್ದರೂ ರಿಪೇರಿಗೆ ಎಪಾಕ್ಸಿಯನ್ನೇ ಬಳಸಿ. ಎಪಾಕ್ಸಿ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಿಡಿಯುವುದಿಲ್ಲ.

ಕೌಲಿಂಗ್ ವಿಮಾನದ ಮೇಲೆ ಸರಿಯಾಗಿ ಕೂತಿರುವಾಗಲೇ ಬಿರುಕಿಗೆ ಅಡ್ಡಲಾಗಿ ಹೊರಗಡೆ ಮರದ ಸಣ್ಣ ಪಟ್ಟಿಗಳನ್ನು ಹಾಟ್ ಗ್ಲೂನಿಂದ ಅಂಟಿಸಿ ಆಕಾರವನ್ನು ಬಂಧಿಸಿಬಿಡಿ. ಇದನ್ನು ಮಾಡದೆ ಬಿಚ್ಚಿ ಬೆಂಚಿನ ಮೇಲಿಟ್ಟು ಪದರ ಹಾಕಿದರೆ ಅದು ಬೆಂಚಿನ ಮೇಲೆ ಹೇಗೆ ತಿರುಚಿಕೊಂಡಿತ್ತೋ ಹಾಗೆಯೇ ಗಟ್ಟಿಯಾಗುತ್ತದೆ. ಆಮೇಲೆ ಎಳೆದು ಕೂರಿಸಿದರೆ ಆ ಎಳೆತವೇ ಹೊಸ ಬಿರುಕಿಗೆ ಬೀಜ.

ಬಿಚ್ಚಿದ ಮೇಲೆ, ಉಜ್ಜುವ ಮೊದಲು ಒಳಮೈಯ ಆಯಿಲನ್ನು ತೆಗೆಯಿರಿ. ಅಸಿಟೋನ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಅದು ಆರುವ ಮುನ್ನವೇ ಇನ್ನೊಂದು ಒಣ ಬಿಳಿ ಬಟ್ಟೆಯಿಂದ ಒರೆಸಬೇಕು. ಒಣ ಬಟ್ಟೆಗೆ ಕಲೆ ಹತ್ತುವುದು ನಿಲ್ಲುವ ತನಕ ಇದನ್ನೇ ಮಾಡುತ್ತಿರಿ. ಆಯಿಲ್ ಇದ್ದಂತೆಯೇ ಉಜ್ಜಿದರೆ ಅದನ್ನು ನಾರಿನೊಳಕ್ಕೆ ತಿಕ್ಕಿದಂತಾಗುತ್ತದೆ. ಹಾಗೆ ನೆನೆದುಹೋದ ಗ್ಲಾಸ್‌ಗೆ ಯಾವ ಎಪಾಕ್ಸಿಯೂ ಕಚ್ಚಿಕೊಳ್ಳುವುದಿಲ್ಲ, ಆ ಭಾಗವನ್ನು ಕೆರೆದೇ ತೆಗೆಯಬೇಕಾಗುತ್ತದೆ.

ಆಮೇಲೆ ಬಿರುಕಿನ ನಿಜವಾದ ತುದಿಯನ್ನು ಹುಡುಕಿ. ಬಣ್ಣದ ಮೇಲೆ ಕಾಣುವ ತುದಿಗಿಂತ ಅದು ಸಾಮಾನ್ಯವಾಗಿ ಮುಂದಿರುತ್ತದೆ. ಒಳಗಿನಿಂದ ಟಾರ್ಚ್ ಹಿಡಿದರೆ ಗ್ಲಾಸಿನಲ್ಲಿ ಬೆಳ್ಳನೆಯ ಗೆರೆಯಾಗಿ ಕಾಣಿಸುತ್ತದೆ. ಅಲ್ಲಿ 3 ಮಿಲಿಮೀಟರಿನ ರಂಧ್ರ ಕೊರೆಯಿರಿ. ಒಳಗಡೆಯಿಂದ ಬಿರುಕಿನ ಉದ್ದಕ್ಕೂ 80 ಗ್ರಿಟ್ ಸ್ಯಾಂಡ್‌ಪೇಪರಿನಿಂದ ಇಳಿಜಾರಾಗಿ ಉಜ್ಜುತ್ತಾ ಹೋಗಿ, ಹಾಕಲಿರುವ ಪ್ರತಿ ಪದರಕ್ಕೂ ಅರ್ಧ ಅಂಗುಲದಷ್ಟು ಅಗಲ ಸಿಗಬೇಕು. ಮೂರು ಪದರ ಬಿಡ್ ಸಾಮಾನ್ಯವಾಗಿ ಸಾಕಾಗುತ್ತದೆ, ಒಂದೊಂದೂ ಸುಮಾರು 0.013 ಅಂಗುಲ ದಪ್ಪ. ಮೂಲೆಗಳಲ್ಲಿ ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಅದು ತಿರುವಿಗೆ ಸುಕ್ಕಿಲ್ಲದೆ ಒರಗುತ್ತದೆ, ತಿರುಚುವ ಬಲವನ್ನೂ ಚೆನ್ನಾಗಿ ತಡೆಯುತ್ತದೆ. ತೆರಪಿನ ಮೂಲೆ ಚೂಪಾಗಿದ್ದರೆ ಈಗಲೇ ದುಂಡಗೆ ಮಾಡಿಕೊಳ್ಳಿ.

ರೆಸಿನ್ ಮತ್ತು ಹಾರ್ಡನರ್ ಅನ್ನು ತೂಕ ಮಾಡಿಯೇ ಬೆರೆಸಿ. ಗ್ಲಾಸ್ 60, ರೆಸಿನ್ 40 ಪಾಲು ತೂಕಕ್ಕೆ ಹತ್ತಿರ ಬಂದರೆ ಒಳ್ಳೆಯ ಪದರ; ಹೊಳೆಯುತ್ತಿದ್ದರೆ ರೆಸಿನ್ ಹೆಚ್ಚಾಗಿದೆ ಎಂದರ್ಥ. ಕೊನೆಯಲ್ಲಿ ಪೀಲ್ ಪ್ಲೈ ಬಟ್ಟೆ (ರೆಸಿನ್ ಗಟ್ಟಿಯಾದ ಮೇಲೆ ಸುಲಿದು ತೆಗೆಯುವಂಥದ್ದು) ಹೊದಿಸಿದರೆ ಅಂಚುಗಳು ನಯವಾಗಿ ಇಳಿಯುತ್ತವೆ. ಉಜ್ಜುವಾಗ ಮಾಸ್ಕ್, ಉದ್ದ ತೋಳಿನ ಅಂಗಿ, ಗ್ಲೌಸ್ ಬೇಕೇ ಬೇಕು. ಗ್ಲಾಸ್ ಪುಡಿಯ ತುರಿಕೆ ಸ್ನಾನ ಮಾಡಿದರೆ ಹೋಗುತ್ತದೆ, ಎಪಾಕ್ಸಿಗೆ ಮೈ ಒಗ್ಗದಂತಾದರೆ ಅದು ಜೀವನಪೂರ್ತಿ ಉಳಿಯುತ್ತದೆ.

ಹೊಸಬ_ಶಿವಮೊಗ್ಗ

ಎಕ್ಸಾಸ್ಟ್ ಬಿಸಿಗೆ ಈ ಎಪಾಕ್ಸಿ ತಡೆಯುತ್ತದೆಯೇ, ಸರ್?

ಪದರಪದರ

ತಾನಾಗಿ ತಡೆಯುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿ 60ರಿಂದ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗಲು ಆರಂಭಿಸುತ್ತದೆ. ಗಟ್ಟಿಯಾದ ನಂತರ ಆಕಾರ ಕೆಡದಂತೆ ಬಂಧಿಸಿಟ್ಟು, ತಯಾರಕರು ಹೇಳಿದ ಕ್ರಮದಲ್ಲಿ ನಿಧಾನವಾಗಿ ಬಿಸಿಯೇರಿಸಿ ಕೆಲವು ಗಂಟೆ ಇಟ್ಟರೆ ಈ ಮಿತಿ ಮೇಲೇರುತ್ತದೆ. ಅದಕ್ಕೆಂದೇ ಇರುವ ಹೆಚ್ಚಿನ ಉಷ್ಣತೆಯ ರೆಸಿನ್ ತೆಗೆದುಕೊಳ್ಳುವುದು ಇನ್ನೂ ಒಳ್ಳೆಯದು.

ಮೂಡಬಿದ್ರೆ_ಮೆಕ್ಯಾನಿಕ್

ರೆಸಿನ್ ಎಂಥದೇ ಇರಲಿ, ಕೊಳವೆಯೊಳಗಿನ ಹೊಗೆ 700 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ ಎಂಬುದನ್ನು ಮರೆಯಬೇಡಿ. ಎಂಜಿನ್ ಮೇಲೆದ್ದ ಮೇಲೂ ಅಂತರ ಸಾಲದಿದ್ದರೆ ಎರಡು ಕೆಲಸ ಮಾಡಬಹುದು. ಕೊಳವೆಯ ಕೌಲಿಂಗ್ ಕಡೆಯ ಮೈಗೆ ಸಣ್ಣ ಸ್ಟೇನ್‌ಲೆಸ್ ತಗಡನ್ನು ಸ್ವಲ್ಪ ಸಂದು ಬಿಟ್ಟು ಕ್ಲಾಂಪ್‌ಗಳಿಂದ ಕಟ್ಟುವುದು ಒಂದು. ಕೌಲಿಂಗ್‌ನ ಒಳಮೈಗೆ ಸೆರಾಮಿಕ್ ನಾರಿನ ಕಾಗದವಿಟ್ಟು, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ಅಂಚುಗಳನ್ನು ಆಯಿಲ್ ನುಗ್ಗದಂತೆ ಮುಚ್ಚುವುದು ಇನ್ನೊಂದು. ಮೊದಲನೆಯದು ಬಿಸಿಯನ್ನು ಮೂಲದಲ್ಲೇ ತಡೆಯುವುದರಿಂದ ನನ್ನ ಒಲವು ಅದರ ಕಡೆಗೆ. ಫಾಯಿಲ್ ಒಳಗೆ ಆಯಿಲ್ ಇಂಗಿದರೆ ಅದು ಬೆಂಕಿಗೆ ಬತ್ತಿಯಾಗುತ್ತದೆ, ಆದ್ದರಿಂದ ಪ್ರತಿ ಸಲ ಕೌಲಿಂಗ್ ಬಿಚ್ಚಿದಾಗಲೂ ಅದರ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡುವ ರೂಢಿಯಿರಲಿ.

ನಿಮ್ಮ ಟೆಕ್ಸಾಸ್ ಬೇಸಿಗೆಗೆ ಒಂದು ಮಾತು. ಎಂಜಿನ್ ನಿಲ್ಲಿಸಿದ ಕೂಡಲೇ ಗಾಳಿಯ ಹರಿವು ನಿಂತು ಒಳಗಿನ ಬಿಸಿಯೆಲ್ಲ ಮೇಲಿನ ಕೌಲಿಂಗ್‌ಗೆ ಏರುತ್ತದೆ. ಇಳಿದ ತಕ್ಷಣ ಆಯಿಲ್ ಬಾಗಿಲನ್ನು ತೆರೆದಿಟ್ಟರೆ ಆ ಬಿಸಿ ಹೊರಹೋಗಲು ದಾರಿಯಾಗುತ್ತದೆ. ಮತ್ತೆ ಹೊರಡುವಾಗ ಮುಚ್ಚಲು ಮಾತ್ರ ಮರೆಯಬೇಡಿ.

ಡಲ್ಲಾಸ್_ಧಾರವಾಡ

ಹೊಸ ರಬ್ಬರ್ ಹಾಕಿದ ಮೇಲೆ ಸ್ಪಿನ್ನರ್ ಸಂದು ಸುತ್ತಲೂ ಸಮನಾಗಿದೆ, ಎಕ್ಸಾಸ್ಟ್ ಅಂತರವೂ ಹೆಚ್ಚಿದೆ, ಆದರೂ ತಗಡು ಕಟ್ಟಿದ್ದೇನೆ. ಬಿರುಕುಗಳಿಗೆ ಮೂರು ಪದರ ಹಾಕಿ ಆಗಿದೆ. ಕಾರ್ಬನ್ ಬಟ್ಟೆ ಕೊಳ್ಳಲಿಲ್ಲ. ಬಲಗಡೆಯ ಹಿಂಜ್ ಬದಲಾಗಿದೆ, ಕೆಳಗಿನ ಫೈರ್‌ವಾಲ್ ಅಂಚಿಗೆ ಕಾಲು ಸುತ್ತಿನ ಫಾಸ್ಟೆನರ್‌ಗಳು ಬಂದಿವೆ. ಕೀಲುಕೊಂಡಿ ಅವರು ಕ್ಷಮಿಸಬೇಕು. ಒಳಮೈಗೆ ಬಿಳಿ ಬಣ್ಣ ಬಳಿಯಬೇಕೆಂದು ಹ್ಯಾಂಗರ್‌ನಲ್ಲಿ ಒಬ್ಬರು ಹೇಳಿದರು. ಅದರಿಂದ ಪ್ರಯೋಜನವಿದೆಯೇ? ಕಾಗದಪತ್ರದ ಮಟ್ಟಿಗೆ ಏನು ಮಾಡಬೇಕು?

ಕೀಲುಕೊಂಡಿ_ಓಹಾಯೋ

ಕ್ಷಮಿಸಿದ್ದೇನೆ. ಬಿಳಿ ಬಣ್ಣ ಖಂಡಿತ ಬಳಿಯಿರಿ, ಆದರೆ ಮೊದಲು ತೆಳುವಾಗಿ ಎಪಾಕ್ಸಿ ಬಳಿದು ಸೂಜಿಮೊನೆಯ ತೂತುಗಳನ್ನು ಮುಚ್ಚಿ. ಆಗ ಆಯಿಲ್ ನಾರಿಗೆ ಇಳಿಯುವುದಿಲ್ಲ, ಬಿಳಿಯ ಮೇಲೆ ಹೊಸ ಸೋರಿಕೆ ಎಲ್ಲಿಂದ ಹೊರಟಿದೆ ಎಂಬುದೂ ಕೂಡಲೇ ಕಾಣುತ್ತದೆ. ಕೆಳಗಿನ ಕೌಲಿಂಗ್ ಬಿಚ್ಚುವಾಗ ಇಬ್ಬರು ಇರಲಿ, ಬಿಚ್ಚಿದ್ದನ್ನು ಹಿಂದಿನ ಅಂಚಿನ ಮೇಲೆ ಕಾಂಕ್ರೀಟ್ ನೆಲಕ್ಕೆ ಊರಬೇಡಿ. ತೆರಪಿನ ಮೂಲೆಯ ಎಷ್ಟೋ ಬಿರುಕುಗಳು ಹುಟ್ಟುವುದು ಆಕಾಶದಲ್ಲಲ್ಲ, ಹ್ಯಾಂಗರ್ ನೆಲದ ಮೇಲೆ. ಹಳೆಯ ಕಂಬಳಿಯ ಮೇಲೆ ಮಲಗಿಸಿಡಿ.

ಮೂಡಬಿದ್ರೆ_ಮೆಕ್ಯಾನಿಕ್

ಅಮೆರಿಕದಲ್ಲಿ ಹವ್ಯಾಸಿಗಳು ಕಟ್ಟಿದ ಪ್ರಾಯೋಗಿಕ ವಿಮಾನದ ರಿಪೇರಿಯನ್ನು ಮಾಲೀಕರೇ ಮಾಡಬಹುದು. 12 ತಿಂಗಳಿಗೊಮ್ಮೆ ಆಗಬೇಕಾದ ಕಂಡೀಷನ್ ಇನ್‌ಸ್ಪೆಕ್ಷನ್‌ಗೆ (ವಿಮಾನದ ಸುಸ್ಥಿತಿಯ ತಪಾಸಣೆ) ಮಾತ್ರ, ನೀವು ಕಟ್ಟಿದವರಲ್ಲವಾದ್ದರಿಂದ, ಸಾಮಾನ್ಯವಾಗಿ ಎ ಆಂಡ್ ಪಿ (ವಿಮಾನದ ಒಡಲು ಮತ್ತು ಎಂಜಿನ್ ಕೆಲಸದ) ಲೈಸೆನ್ಸ್ ಇರುವ ಮೆಕ್ಯಾನಿಕ್ ಸಹಿ ಬೇಕು. ಮಾಡಿದ್ದನ್ನೆಲ್ಲ ಲಾಗ್‌ಬುಕ್‌ನಲ್ಲಿ ಬರೆಯಿರಿ. ಕೌಲಿಂಗ್‌ನ ಎರಡೂ ಭಾಗಗಳನ್ನು ತೂಗಿ, ಹಳೆಯ ತೂಕ ಗೊತ್ತಿದ್ದರೆ ವ್ಯತ್ಯಾಸವನ್ನು ತೂಕ ಮತ್ತು ಸಮತೋಲನದ ಹಾಳೆಗೆ ಸೇರಿಸಿ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಪ್ರಕಟಿಸಿರುವ ಎಸಿ 43.13-1ಬಿ ಕೈಪಿಡಿ ನಿಮ್ಮ ವಿಮಾನಕ್ಕೆ ಕಡ್ಡಾಯವಲ್ಲದಿದ್ದರೂ, ಅದರ ಫೈಬರ್‌ಗ್ಲಾಸ್ ಭಾಗವನ್ನು ಓದಿಟ್ಟುಕೊಂಡರೆ ಇನ್‌ಸ್ಪೆಕ್ಷನ್ ಮಾಡುವವರ ಜೊತೆ ಮಾತಾಡುವುದು ಸುಲಭ.

ಮೊದಲ ಹಾರಾಟವನ್ನು ವಿಮಾನ ನಿಲ್ದಾಣದ ಮೇಲೆಯೇ ಸುತ್ತುತ್ತಾ ಮುಗಿಸಿ, ಇಳಿದು ಕೌಲಿಂಗ್ ಬಿಚ್ಚಿ ನೋಡಿ. ಸಿಲಿಂಡರ್ ತಲೆಯ ಉಷ್ಣತೆ ಮೊದಲಿನಷ್ಟೇ ಇದೆಯೇ ಎಂಬುದನ್ನು ಗಮನಿಸಿ. ಲೈಕಮಿಂಗ್‌ನ ಗರಿಷ್ಠ ಮಿತಿ 500 ಡಿಗ್ರಿ ಫ್ಯಾರನ್‌ಹೀಟ್ ಎಂದು ಅಲ್ಲಿಯವರೆಗೆ ಕಾಯಬೇಡಿ, ಹಿಂದಿಗಿಂತ ಏರಿದ್ದರೆ ಬ್ಯಾಫಲ್ ಪಟ್ಟಿ ಎಲ್ಲೋ ಮಡಿಚಿಕೊಂಡು ಗಾಳಿ ಸೋರುತ್ತಿದೆ ಎಂದು ತಿಳಿಯಿರಿ. ಎಂಜಿನ್ ಮೇಲೆದ್ದಿರುವುದರಿಂದ ಆ ಪಟ್ಟಿಗಳು ಈಗ ಮೇಲಿನ ಕೌಲಿಂಗ್‌ಗೆ ಬೇರೆ ಜಾಗದಲ್ಲಿ ಒರಗುತ್ತವೆ. ಒಳಮೈಯಲ್ಲಿ ಅವು ಉಜ್ಜಿದ ಗೆರೆ ಕಡಿಯದೆ ಒಂದೇ ಸಮನೆ ಬಂದಿದ್ದರೆ ಸರಿ, ನಡುವೆ ಖಾಲಿ ಬಿಟ್ಟಿದ್ದರೆ ಅಲ್ಲಿ ಪಟ್ಟಿಯನ್ನು ಬದಲಿಸಬೇಕು.